ಹಳೆಯ ಬೀದಿ ಚಿತ್ರಗಳಿಗೆ ಹೆಸರು, ಊರು, ಇಸವಿ ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುತ್ತಿರುವ ಹಳೆಯ ಅಮೆರಿಕದ ಬೀದಿ ಚಿತ್ರಗಳ ಪುಟದ ಬಗ್ಗೆ ಈ ಪತ್ರ. ಪುಟ ಚೆನ್ನಾಗಿಲ್ಲ ಅಂತ ಹೇಳಲು ಬರೆಯುತ್ತಿಲ್ಲ. ನನಗೆ ಆ ಪುಟ ತುಂಬಾ ಇಷ್ಟ. ನ್ಯೂಯಾರ್ಕಿನಲ್ಲಿ ತಲೆಯ ಮೇಲೆ ಓಡುವ ರೈಲು, ಷಿಕಾಗೊದ ಮಳೆಯಲ್ಲಿ ಕೊಡೆ ಹಿಡಿದು ಓಡುವ ಜನ, ಸ್ಯಾನ್ ಫ್ರಾನ್ಸಿಸ್ಕೊದ ಏರುಬೀದಿ, ಉದ್ದುದ್ದ ಕಾರು, ನಿಯಾನ್ ಫಲಕ, ಎಲ್ಲರ ತಲೆಯ ಮೇಲೂ ಹ್ಯಾಟು. ಇಂಥ ಚಿತ್ರಗಳನ್ನು ದಿನಪತ್ರಿಕೆಯೊಂದು ಇಷ್ಟು ದೊಡ್ಡದಾಗಿ ಅಚ್ಚು ಹಾಕುವುದೇ ಅಪರೂಪ. ದಯವಿಟ್ಟು ನಿಲ್ಲಿಸಬೇಡಿ.

ನನ್ನ ತಕರಾರು ಇರುವುದು ಚಿತ್ರದ ಕೆಳಗಿನ ಸಾಲಿನ ಬಗ್ಗೆ. ಯಾರು ತೆಗೆದದ್ದು ಅಂತ ಅಲ್ಲಿ ಇರುವುದಿಲ್ಲ. ಯಾವ ಊರು ಅಂತ ಇರುವುದಿಲ್ಲ. ಇಸವಿಯೂ ಇಲ್ಲ. ‘ಅಂದಿನ ಅಮೆರಿಕ’, ‘ಕಳೆದುಹೋದ ಸುವರ್ಣಕಾಲ’ ಅಂತ ಒಂದು ಸಾಲು, ಮೂಲೆಯಲ್ಲಿ ‘ಚಿತ್ರಕೃಪೆ: ಅಂತರ್ಜಾಲ’. ಅಂತರ್ಜಾಲ ಆ ಚಿತ್ರ ತೆಗೆದಿಲ್ಲ. ಒಬ್ಬ ಮನುಷ್ಯ ಬೀದಿಯಲ್ಲಿ ಗಂಟೆಗಟ್ಟಲೆ ನಿಂತು ತೆಗೆದಿದ್ದಾನೆ. ಆ ಹೆಸರು, ಆ ಊರು, ಆ ಇಸವಿ ಇಲ್ಲದೆ ಹೋದರೆ ಚಿತ್ರದಲ್ಲಿರುವ ಅರ್ಧ ವಿಷಯ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಎಷ್ಟೋ ಸಲ ಅರ್ಧಕ್ಕಿಂತ ಜಾಸ್ತಿ.

ಮೊದಲು ಪತ್ರಿಕೆಯವರಿಗೆ ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬಗಲಲ್ಲಿ ಪೇಪರಿನ ಕಟ್ಟು, ತಲೆಗೆ ದೊಡ್ಡವರ ಟೋಪಿ, ಬಾಯಲ್ಲಿ ನಗು, ಹೀಗೆ ನಿಂತ ಪುಟ್ಟ ಹುಡುಗರ ಚಿತ್ರಗಳನ್ನು ನೀವೂ ಹಾಕಿದ್ದೀರಿ, ಎಲ್ಲರೂ ಹಾಕುತ್ತಾರೆ. ನೋಡಿದವರು ‘ಎಷ್ಟು ಮುದ್ದಾಗಿದ್ದಾನೆ’ ಅನ್ನುತ್ತಾರೆ. ಇಂಥ ಚಿತ್ರಗಳಲ್ಲಿ ಬಹಳಷ್ಟನ್ನು ತೆಗೆದವರು ಲೂಯಿಸ್ ಹೈನ್. ಅವರು ಮೊದಲು ಶಾಲಾ ಮೇಷ್ಟ್ರು. 1908ರಿಂದ, ಮಕ್ಕಳ ದುಡಿತ ನಿಲ್ಲಿಸಲು ಹೋರಾಡುತ್ತಿದ್ದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಊರೂರು ಸುತ್ತಿದರು. ಹತ್ತಿ ಗಿರಣಿ, ಗಾಜಿನ ಕಾರ್ಖಾನೆ, ಕಲ್ಲಿದ್ದಲ ಗಣಿ, ಹಾಗೇ ನಗರದ ಬೀದಿಗಳು. ಕಾರ್ಖಾನೆಯವರು ಒಳಗೆ ಬಿಡುತ್ತಿರಲಿಲ್ಲ, ಹಾಗಾಗಿ ಏನೇನೋ ವ್ಯಾಪಾರಿಯ ವೇಷ ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ಮಕ್ಕಳ ಎತ್ತರವನ್ನು ತಮ್ಮ ಕೋಟಿನ ಗುಂಡಿಗಳ ಲೆಕ್ಕದಲ್ಲಿ ಅಳೆದುಕೊಂಡು, ಜೇಬಿನೊಳಗೆ ಕೈಯಿಟ್ಟು ಯಾರಿಗೂ ಕಾಣದ ಹಾಗೆ ಬರೆದುಕೊಳ್ಳುತ್ತಿದ್ದರು. ಈ ಹುಡುಗನ ವಯಸ್ಸೆಷ್ಟು, ಎಷ್ಟು ಗಂಟೆಗೆ ಬೀದಿಗೆ ಬರುತ್ತಾನೆ, ರಾತ್ರಿ ಎಲ್ಲಿಯವರೆಗೆ ನಿಲ್ಲುತ್ತಾನೆ, ಇದೆಲ್ಲ ಪ್ರತಿ ಚಿತ್ರದ ಜೊತೆಗೆ ಬರೆದಿಟ್ಟರು. ಹೈನ್ ಮಟ್ಟಿಗೆ ಚಿತ್ರ ಮತ್ತು ಬರಹ ಬೇರೆ ಬೇರೆ ಆಗಿರಲೇ ಇಲ್ಲ. ಎರಡೂ ಸೇರಿದರೆ ಅದು ಸಾಕ್ಷಿ. ಆ ಸಮಿತಿಗೆ ತೆಗೆದ 5 ಸಾವಿರಕ್ಕೂ ಜಾಸ್ತಿ ಚಿತ್ರಗಳು ಇವತ್ತು ಅಮೆರಿಕದ ದೊಡ್ಡ ಸರ್ಕಾರಿ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅವರ ಟಿಪ್ಪಣಿಗಳ ಸಮೇತ ಇವೆ. ಬಾಲಕಾರ್ಮಿಕರ ವಿಷಯದಲ್ಲಿ ಗಟ್ಟಿಯಾದ ಕೇಂದ್ರ ಕಾನೂನು ಬರಲು 1938ರವರೆಗೆ ಕಾಯಬೇಕಾಯಿತು. ಹೈನ್ 1940ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರು ಅಷ್ಟು ಕಷ್ಟಪಟ್ಟು ಬರೆದ ಸಾಲುಗಳನ್ನು ಕತ್ತರಿಸಿ, ಆ ಹುಡುಗನನ್ನು ಮುದ್ದುಮುಖ ಮಾಡಿ ಹಾಕುವುದು ನನಗೆ ನಿಜವಾಗಿಯೂ ನೋವು ಕೊಡುತ್ತದೆ.

ಈಗ ಹ್ಯಾಟುಗಳ ವಿಷಯ. ‘ಆಗ ಎಲ್ಲರೂ ಎಷ್ಟು ನೀಟಾಗಿ ಬಟ್ಟೆ ಹಾಕುತ್ತಿದ್ದರು, ಈಗ ನೋಡಿ’ ಅನ್ನುವ ಮಾತು ಇಂಥ ಚಿತ್ರಗಳ ಜೊತೆಗೆ ಬಂದೇ ಬರುತ್ತದೆ. ಡೊರೊಥಿಯಾ ಲ್ಯಾಂಗ್ 1933ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೆಗೆದ ಒಂದು ಚಿತ್ರ ಇದೆ. ಚಿತ್ರದ ತುಂಬಾ ಗಂಡಸರು. ಎಲ್ಲರಿಗೂ ಕೋಟು, ಎಲ್ಲರಿಗೂ ಹ್ಯಾಟು. ಹೆಚ್ಚಿನವರು ನಮಗೆ ಬೆನ್ನು ಹಾಕಿದ್ದಾರೆ. ಒಬ್ಬ ಮುದುಕ ಮಾತ್ರ ಈ ಕಡೆ ತಿರುಗಿ, ಕಟಕಟೆಗೆ ಒರಗಿ, ಎರಡು ಕೈ ಬಿಗಿಯಾಗಿ ಹೆಣೆದು ನಿಂತಿದ್ದಾನೆ. ತೋಳುಗಳ ಮಧ್ಯೆ ಒಂದು ತಗಡಿನ ಲೋಟ. ಹ್ಯಾಟಿನ ಅಂಚು ಕಣ್ಣನ್ನು ಮುಚ್ಚಿದೆ. ಇದು ಪುಕ್ಕಟೆ ಊಟಕ್ಕಾಗಿ ನಿಂತವರ ಸಾಲು. ಮಹಾ ಆರ್ಥಿಕ ಕುಸಿತದ ಕಾಲ, ಕೆಲಸ ಕಳೆದುಕೊಂಡ ಜನ. ಹ್ಯಾಟು ಹಾಕಿಕೊಂಡವನೆಲ್ಲ ಸುಖವಾಗಿದ್ದ ಅಂತ ಅಂದುಕೊಳ್ಳುವವರಿಗೆ ಈ ಒಂದು ಚಿತ್ರ ಸಾಕು. ಆದರೆ ಇಸವಿ ಮತ್ತು ಸ್ಥಳ ತೆಗೆದುಬಿಟ್ಟರೆ ಇದೂ ‘ಅಂದಿನ ಅಮೆರಿಕದ ಜನಸಂದಣಿ’ ಆಗಿಬಿಡುತ್ತದೆ, ಅಲ್ವಾ?

ಇನ್ನೊಂದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ. ರಾಬರ್ಟ್ ಫ್ರಾಂಕ್ ಅಂತ ಒಬ್ಬರು, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದವರು, 1947ರಲ್ಲಿ ನ್ಯೂಯಾರ್ಕಿಗೆ ಬಂದರು. 1955ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಅನ್ನುವ ಧನಸಹಾಯ ಸಿಕ್ಕಿತು. ಒಂದು ಹಳೆಯ ಕಾರು ಹಿಡಿದು ಎರಡು ವರ್ಷ ದೇಶವನ್ನೆಲ್ಲ ಸುತ್ತಿದರು. ಸುಮಾರು 27 ಸಾವಿರ ಚಿತ್ರ ತೆಗೆದರು. ಅದರಲ್ಲಿ ‘ದಿ ಅಮೆರಿಕನ್ಸ್’ ಎಂಬ ತಮ್ಮ ಪುಸ್ತಕಕ್ಕೆ ಆರಿಸಿಕೊಂಡಿದ್ದು 83 ಮಾತ್ರ. ಆ ಪ್ರಯಾಣದಲ್ಲೇ ಆರ್ಕನ್ಸಾ ರಾಜ್ಯದಲ್ಲಿ ಪೊಲೀಸರು ಅವರನ್ನು ಹಿಡಿದು ಕೆಲವು ಗಂಟೆ ಲಾಕಪ್ಪಿನಲ್ಲಿ ಕೂರಿಸಿದ್ದರು. ಮಾತಿನ ಧಾಟಿ ಪರದೇಶದ್ದು, ಕಾರಿನ ತುಂಬಾ ಕ್ಯಾಮೆರಾ, ಅನುಮಾನಕ್ಕೆ ಅಷ್ಟೇ ಸಾಕಾಯಿತು.

ಅವರು 1955ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಒಂದು ಟ್ರಾಮ್‌ನ ಚಿತ್ರ ತೆಗೆದರು. ಟ್ರಾಮ್ ಪಕ್ಕದಿಂದ ಹಾದುಹೋಗುತ್ತಿದೆ. ಕಿಟಕಿಗಳಲ್ಲಿ ಸಾಲಾಗಿ ಮುಖಗಳು. ಮುಂದಿನ ಕಿಟಕಿಗಳಲ್ಲಿ ಒಬ್ಬ ಬಿಳಿಯ ಗಂಡಸು, ಒಬ್ಬ ಬಿಳಿಯ ಹೆಂಗಸು. ಮಧ್ಯದಲ್ಲಿ ಇಬ್ಬರು ಬಿಳಿಯ ಮಕ್ಕಳು. ಅವರ ಹಿಂದೆ ಒಬ್ಬ ಕಪ್ಪು ಗಂಡಸು, ಕೊನೆಗೆ ಒಬ್ಬ ಕಪ್ಪು ಹೆಂಗಸು. ಆ ಕಪ್ಪು ಗಂಡಸು ನೇರ ಕ್ಯಾಮೆರಾ ಕಡೆ ನೋಡುತ್ತಿದ್ದಾರೆ. ಆ ನೋಟವನ್ನು ವಿವರಿಸುವ ಮಾತು ನನ್ನ ಹತ್ತಿರ ಇಲ್ಲ. ಊರು, ಇಸವಿ ಗೊತ್ತಿಲ್ಲದವರಿಗೆ ಇದು ಕಿಟಕಿಯಲ್ಲಿ ಕೂತ ಜನರ ಒಂದು ಚಂದದ ಚಿತ್ರ. ಗೊತ್ತಿದ್ದವರಿಗೆ ಆ ಸಾಲೇ ಬೇರೆ ಆಗುತ್ತದೆ. ಅವರು ಆ ಕ್ರಮದಲ್ಲಿ ಕೂತಿದ್ದು ಆಕಸ್ಮಿಕ ಅಲ್ಲ. ಅಲ್ಲಿನ ಕಾನೂನು ಹಾಗೆ ಕೂರಿಸಿತ್ತು. ಸೀಟುಗಳ ಮೇಲೆ ಸರಿಸಿ ಇಡಬಹುದಾದ ಮರದ ಫಲಕ ಇರುತ್ತಿತ್ತು, ಬಿಳಿಯರು ಜಾಸ್ತಿ ಹತ್ತಿದರೆ ಫಲಕ ಹಿಂದೆ ಹೋಗುತ್ತಿತ್ತು, ಅದರ ಜೊತೆಗೆ ಕಪ್ಪು ಜನರೂ ಹಿಂದೆ ಹೋಗಬೇಕಾಗಿತ್ತು. ಅದೇ 1955ರ ಡಿಸೆಂಬರ್ 1ರಂದು ಇನ್ನೊಂದು ದಕ್ಷಿಣ ರಾಜ್ಯ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲು ಒಪ್ಪಲಿಲ್ಲ. ನ್ಯೂ ಆರ್ಲಿಯನ್ಸ್ ಟ್ರಾಮುಗಳಲ್ಲಿ ಆ ಫಲಕ ಹೋಗಿದ್ದು 1958ರಲ್ಲಿ. ಇದನ್ನು ಹೇಳಲು ಎಷ್ಟು ಜಾಗ ಬೇಕು? ‘ನ್ಯೂ ಆರ್ಲಿಯನ್ಸ್, 1955, ಚಿತ್ರ: ರಾಬರ್ಟ್ ಫ್ರಾಂಕ್’ ಅಂತ ಹಾಕಿದರೆ ಓದುಗರೇ ಮುಂದಿನದನ್ನು ಹುಡುಕಿಕೊಳ್ಳುತ್ತಾರೆ. ಪುಸ್ತಕ ಮೊದಲು 1958ರಲ್ಲಿ ಪ್ಯಾರಿಸ್‌ನಲ್ಲಿ ಬಂತು, ಅಮೆರಿಕದಲ್ಲಿ 1959ರಲ್ಲಿ. ಅಲ್ಲಿನ ಎಷ್ಟೋ ವಿಮರ್ಶಕರು ಚಿತ್ರಗಳು ಮಸುಕು, ಸೊಟ್ಟ ಅಂತ ಬೈದರು. ದೇಶವನ್ನು ಕೆಟ್ಟದಾಗಿ ತೋರಿಸಿದ್ದಾನೆ ಅಂತ ಸಿಟ್ಟಾದರು. ಅವರು ನೋಡಲು ಬಯಸಿದ್ದು ಬೇರೆ ಅಮೆರಿಕ.

ನಿಯಾನ್ ಫಲಕಗಳ ಬಗ್ಗೆಯೂ ಒಂದು ಮಾತು. ನಿಮ್ಮ ಪುಟದಲ್ಲಿ ನಿಯಾನ್ ಅಂದರೆ ಸಿನಿಮಾ ಮಂದಿರ, ಹೋಟೆಲು, ರಾತ್ರಿಯ ಝಗಮಗ. ಗಾರ್ಡನ್ ಪಾರ್ಕ್ಸ್ 1956ರಲ್ಲಿ ಅಲಬಾಮಾದ ಮೊಬೀಲ್ ನಗರದಲ್ಲಿ ಲೈಫ್ ಪತ್ರಿಕೆಗಾಗಿ ಬಣ್ಣದಲ್ಲಿ ತೆಗೆದ ಚಿತ್ರದಲ್ಲೂ ನಿಯಾನ್ ಇದೆ. ದೊಡ್ಡ ಅಂಗಡಿಯೊಂದರ ಹೊರಗೆ ಒಬ್ಬ ಯುವತಿ ಮತ್ತು ಒಬ್ಬ ಪುಟ್ಟ ಹುಡುಗಿ ನಿಂತಿದ್ದಾರೆ. ಹಬ್ಬಕ್ಕೆ ಹೊರಟವರ ಹಾಗೆ ಒಪ್ಪವಾಗಿ ಬಟ್ಟೆ ಹಾಕಿಕೊಂಡಿದ್ದಾರೆ. ಅವರ ತಲೆಯ ಮೇಲೆ ಕೆಂಪು ನಿಯಾನ್ ಅಕ್ಷರಗಳಲ್ಲಿ ‘ಕಲರ್ಡ್ ಎಂಟ್ರನ್ಸ್’ ಅಂತ ಇದೆ. ಕಪ್ಪು ಜನ ಒಳಗೆ ಹೋಗಬೇಕಾದ ಬಾಗಿಲು ಅದು. ಪಾರ್ಕ್ಸ್ ಸ್ವತಃ ಕಪ್ಪು ವರ್ಣೀಯರು, ಆ ದಿನಗಳಲ್ಲಿ ಅಲ್ಲಿ ಕ್ಯಾಮೆರಾ ಹಿಡಿದು ಓಡಾಡುವುದು ಅವರ ಜೀವಕ್ಕೇ ಅಪಾಯ. 2006ರಲ್ಲಿ ಅವರು ತೀರಿಕೊಂಡರು. ಆ ಸರಣಿಯ 200ಕ್ಕೂ ಜಾಸ್ತಿ ಸ್ಲೈಡ್‌ಗಳು ಅವರು ಹೋದಮೇಲೆ ಒಂದು ಪೆಟ್ಟಿಗೆಯಲ್ಲಿ ಸಿಕ್ಕವು. ಚಂದದ ಬಣ್ಣ, ಚಂದದ ಬೆಳಕು, ಚಂದದ ಬಟ್ಟೆ, ಎಲ್ಲ ಇರುವ ಚಿತ್ರ ಅದು. ಅದನ್ನೂ ಹಾಕಿ. ಹಾಕಿ, ಆ ಫಲಕದಲ್ಲಿ ಏನು ಬರೆದಿದೆ ಅಂತ ಕನ್ನಡದಲ್ಲಿ ಹೇಳಿ.

ಬಣ್ಣದ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕಪ್ಪು-ಬಿಳುಪು ಚಿತ್ರಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿದ್ದನ್ನು ದಯವಿಟ್ಟು ಹಾಕಬೇಡಿ. ಆ ಬಣ್ಣ ಊಹೆಯದು. ಟ್ರಾಮ್ ಹಸಿರೋ ಹಳದಿಯೋ, ಆ ಹೆಂಗಸಿನ ಕೋಟು ಕೆಂಪೋ ನೀಲಿಯೋ, ಯಂತ್ರಕ್ಕೆ ಗೊತ್ತಿಲ್ಲ. ಸುಮ್ನೆ ಒಂದು ಬಣ್ಣ ಹಾಕುತ್ತದೆ. ನಾವು ಅದನ್ನೇ ನಿಜ ಅಂತ ನಂಬುತ್ತೇವೆ. ಹಾಗಂತ ಆ ಕಾಲದ ಬಣ್ಣ ನೋಡಲೇಬಾರದು ಅಂತ ನಾನು ಹೇಳುತ್ತಿಲ್ಲ. ನಿಜವಾದ ಬಣ್ಣದ ಚಿತ್ರಗಳೇ ಬೇಕಾದಷ್ಟು ಇವೆ! ಕೊಡಾಕ್ರೋಮ್ ಎಂಬ ಬಣ್ಣದ ಫಿಲ್ಮ್ ಬಂದಿದ್ದು 1935ರಲ್ಲಿ. 1939ರಿಂದ 1944ರ ನಡುವೆ ಅಮೆರಿಕದ ಸರ್ಕಾರಿ ಫೋಟೊಗ್ರಾಫರುಗಳು ತೆಗೆದ ಸುಮಾರು 1,600 ಬಣ್ಣದ ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಜಾಕ್ ಡೆಲಾನೊ ಅವರ ಷಿಕಾಗೊ ರೈಲು ಯಾರ್ಡಿನ ಚಿತ್ರಗಳನ್ನು ನೋಡಿದರೆ ನಿನ್ನೆ ತೆಗೆದದ್ದೇನೋ ಅನ್ನಿಸುತ್ತದೆ.

ಬಣ್ಣದ ವಿಷಯದಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಸಾಲ್ ಲೈಟರ್ 1948ರಿಂದಲೇ ನ್ಯೂಯಾರ್ಕ್ ಬೀದಿಗಳನ್ನು ಬಣ್ಣದಲ್ಲಿ ತೆಗೆಯುತ್ತಿದ್ದರು. ಒದ್ದೆಯಾದ ಗಾಜು, ಹಿಮದಲ್ಲಿ ಒಂದು ಕೆಂಪು ಕೊಡೆ, ಬಾಗಿಲ ಸಂದಿಯಲ್ಲಿ ಅರ್ಧ ಕಾಣುವ ಮನುಷ್ಯ. ಅವಧಿ ಮುಗಿದ ಫಿಲ್ಮನ್ನೂ ಬಳಸುತ್ತಿದ್ದರು, ಹಾಗಾಗಿ ಬಣ್ಣಗಳು ಸ್ವಲ್ಪ ವಿಚಿತ್ರವಾಗಿ ತಿರುಗುತ್ತಿದ್ದವು, ಆ ತಿರುವೇ ಅವರಿಗೆ ಬೇಕಾಗಿತ್ತು. ಈಗಿನ ಯಾವುದೋ ‘ಚಿತ್ರ ಸುಧಾರಣೆ’ ಆ್ಯಪಿಗೆ ಹಾಕಿದರೆ ಮೊದಲು ಹಾಳಾಗುವುದೇ ಅದು. ಈ ಬಣ್ಣದ ಚಿತ್ರಗಳು ಪುಸ್ತಕವಾಗಿ ಬಂದಾಗ 2006, ಲೈಟರ್ ಆಗಲೇ 80 ದಾಟಿದ್ದರು. ಇನ್ನೊಬ್ಬರು ಹೆಲೆನ್ ಲೆವಿಟ್. ನ್ಯೂಯಾರ್ಕಿನ ಬಡ ಕೇರಿಗಳಲ್ಲಿ ಆಡುವ ಮಕ್ಕಳನ್ನು, ಅವರು ರಸ್ತೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚಿತ್ರಗಳನ್ನು 1930ರ ದಶಕದಿಂದಲೇ ತೆಗೆದವರು. 1959 ಮತ್ತು 1960ರಲ್ಲಿ ಬಣ್ಣದಲ್ಲಿ ತೆಗೆಯಲು ಅವರಿಗೆ ಗುಗೆನ್‌ಹೈಮ್ ನೆರವು ಸಿಕ್ಕಿತು. ಆ ಬಣ್ಣದ ಚಿತ್ರಗಳಲ್ಲಿ ಬಹುಪಾಲು 1970ರಲ್ಲಿ ಅವರ ಮನೆಯಿಂದ ಕಳ್ಳತನವಾದವು. ಲೆವಿಟ್ ಮತ್ತೆ ಬೀದಿಗೆ ಇಳಿದು ಮೊದಲಿನಿಂದ ಶುರು ಮಾಡಿದರು. 1974ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಬಣ್ಣದ ಸ್ಲೈಡ್‌ಗಳನ್ನು ತೋರಿಸಿತು. ಇಂಥವರು ಹೋರಾಡಿ ಉಳಿಸಿದ ನಿಜವಾದ ಬಣ್ಣ ಇರುವಾಗ ಸುಳ್ಳು ಬಣ್ಣ ಯಾಕೆ ಬೇಕು?

ಅಡಿಬರಹವನ್ನು ಸವೆಸಿ ಚಪ್ಪಟೆ ಮಾಡುವುದು ಹೊಸ ರೋಗವೇನಲ್ಲ. ಬೆರೆನಿಸ್ ಆಬಟ್ ಅವರು 1935ರಿಂದ 1939ರವರೆಗೆ, ಸರ್ಕಾರದ ಫೆಡರಲ್ ಆರ್ಟ್ ಪ್ರಾಜೆಕ್ಟ್ ನೆರವಿನಲ್ಲಿ, ಬದಲಾಗುತ್ತಿರುವ ನ್ಯೂಯಾರ್ಕನ್ನು ದೊಡ್ಡ ಕ್ಯಾಮೆರಾದಲ್ಲಿ ಒಂದೊಂದೇ ಬೀದಿಯಾಗಿ ತೆಗೆದರು. ಗಗನಚುಂಬಿಗಳ ಬುಡದಲ್ಲಿ ಕುಗ್ಗಿ ನಿಂತ ಹಳೆ ಮನೆ, ರೈಲು ಕಂಬಗಳ ನೆರಳಿನ ಪಟ್ಟೆ, ಬೆಲೆಪಟ್ಟಿಗಳಿಂದ ಕಿಕ್ಕಿರಿದ ಅಂಗಡಿ ಗಾಜು. 1939ರಲ್ಲಿ ಪುಸ್ತಕ ಬಂತು. ಚಿತ್ರಗಳಿಗೆ ಬರಹ ಬರೆದವರು ಎಲಿಜಬೆತ್ ಮೆಕಾಸ್‌ಲ್ಯಾಂಡ್. ಆದರೆ ಪ್ರಕಾಶಕರಿಗೆ ಅವರ ಬರಹ ಹಿಡಿಸಲಿಲ್ಲ. ಅದನ್ನು ಕತ್ತರಿಸಿ ಪ್ರವಾಸಿಗರ ಕೈಪಿಡಿಯ ಹಾಗೆ ಮಾಡಿಬಿಟ್ಟರು, ಯಾಕೆಂದರೆ ಆ ವರ್ಷ ನ್ಯೂಯಾರ್ಕಿನಲ್ಲಿ ವಿಶ್ವ ಮೇಳ ಇತ್ತು. ಆಬಟ್ ಕೇಳುತ್ತಿದ್ದ ಪ್ರಶ್ನೆ ಹೋಯಿತು, ಕಟ್ಟಡದ ವಿವರ ಉಳಿಯಿತು. ನಿಮ್ಮ ಪುಟದಲ್ಲಿ ಅದೂ ಉಳಿಯುವುದಿಲ್ಲ.

ಹೆಸರಿನ ಮಹತ್ವಕ್ಕೆ ವಿವಿಯನ್ ಮೇಯರ್ ಅವರ ಕಥೆಗಿಂತ ದೊಡ್ಡ ಕಾರಣ ಬೇಕಿಲ್ಲ. ಎಷ್ಟೋ ಜನರಿಗೆ ಈ ಕಥೆ ಗೊತ್ತಿದೆ, ಆದರೂ ಅದರ ಒಂದು ಭಾಗವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಮೇಯರ್ ಷಿಕಾಗೊದಲ್ಲಿ ದಶಕಗಳ ಕಾಲ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದವರು. ಕೊರಳಲ್ಲಿ ರೋಲಿಫ್ಲೆಕ್ಸ್ ಕ್ಯಾಮೆರಾ ತೂಗು ಹಾಕಿಕೊಂಡು, ಬಿಡುವಿದ್ದಾಗಲೆಲ್ಲ ಬೀದಿ ಸುತ್ತಿ ಒಂದು ಲಕ್ಷಕ್ಕೂ ಹೆಚ್ಚು ಚಿತ್ರ ತೆಗೆದರು. ಯಾರಿಗೂ ತೋರಿಸಲಿಲ್ಲ. ಮುಪ್ಪಿನಲ್ಲಿ ಗೋದಾಮಿನ ಬಾಡಿಗೆ ಕಟ್ಟಲಾಗದೆ ಅವರ ಪೆಟ್ಟಿಗೆಗಳು 2007ರಲ್ಲಿ ಹರಾಜಾದವು. ಅದರಲ್ಲಿ ಒಂದು ದೊಡ್ಡ ಪಾಲನ್ನು ಕೊಂಡವರು ಜಾನ್ ಮಾಲೂಫ್. ಅವರು ಕೊಂಡಿದ್ದು ಯಾಕೆ? ತಮ್ಮ ಬಡಾವಣೆಯ ಇತಿಹಾಸದ ಪುಸ್ತಕಕ್ಕೆ ಹಳೆಯ ಷಿಕಾಗೊದ ಕೆಲವು ಚಿತ್ರಗಳು ಬೇಕಾಗಿದ್ದವು. ಅಷ್ಟೇ! ಅಂದರೆ ಅವರಿಗೂ ಮೊದಲಿಗೆ ಬೇಕಾಗಿದ್ದು ‘ಅಂದಿನ ಷಿಕಾಗೊ’ ಮಾತ್ರ. ಅವರು ಅಲ್ಲಿಗೇ ನಿಲ್ಲಿಸಿದ್ದರೆ ನಾಲ್ಕಾರು ಚಿತ್ರ ಯಾವುದೋ ಪುಸ್ತಕದಲ್ಲಿ ಹೆಸರಿಲ್ಲದೆ ಅಚ್ಚಾಗುತ್ತಿದ್ದವು, ಉಳಿದದ್ದು ಕಸಕ್ಕೆ ಹೋಗುತ್ತಿತ್ತು. ಅವರು ಚಿತ್ರಗಳನ್ನು ಮತ್ತೆ ಮತ್ತೆ ನೋಡಿ, ತೆಗೆದವರು ಯಾರು ಅಂತ ಹುಡುಕಿದರು. ಒಂದು ಲಕೋಟೆಯ ಮೇಲೆ ಹೆಸರು ಸಿಕ್ಕಿತು. 2009ರಲ್ಲಿ ಆ ಹೆಸರನ್ನು ಹುಡುಕಿದಾಗ ಸಿಕ್ಕಿದ್ದು ಮರಣದ ಸುದ್ದಿ. ಮೇಯರ್ ಅದಕ್ಕೆ ಸ್ವಲ್ಪ ದಿನ ಮೊದಲಷ್ಟೇ, ಏಪ್ರಿಲ್‌ನಲ್ಲಿ, ತೀರಿಕೊಂಡಿದ್ದರು. ಇನ್ನೊಂದಿಷ್ಟು ಬೇಗ ಯಾರಾದರೂ ‘ಯಾರು ತೆಗೆದದ್ದು’ ಅಂತ ಕೇಳಿದ್ದರೆ ಅಂತ ಪ್ರತಿ ಸಲ ಅನ್ನಿಸುತ್ತದೆ.

ಹೆಸರು ಇದ್ದರೂ ಎಚ್ಚರ ಬೇಕು, ಅದೂ ನಿಜ. ಜೇಕಬ್ ರೀಸ್ ಅಂದರೆ ನ್ಯೂಯಾರ್ಕಿನ ಕೊಳೆಗೇರಿ ಚಿತ್ರಗಳಿಗೆ ಹೆಸರಾದವರು. 1888ರಲ್ಲಿ ಮಲ್ಬೆರಿ ಬೀದಿಯ ಓಣಿಯೊಂದರಲ್ಲಿ ಪುಂಡರ ಗುಂಪು ಎರಡೂ ಕಡೆ ನಿಂತು ದಿಟ್ಟಿಸುವ ಚಿತ್ರ ಅವರ ಹೆಸರಿನಲ್ಲೇ ಓಡಾಡುತ್ತದೆ. ಆದರೆ ಆಗ ರೀಸ್ ಅವರಿಗೆ ಕ್ಯಾಮೆರಾ ಕೈಗೆ ಹತ್ತಿರಲಿಲ್ಲ. ಜೊತೆಗೆ ಹೋದ ಹವ್ಯಾಸಿ ಗೆಳೆಯರು ಅದನ್ನು ತೆಗೆದರು ಅಂತ ಈಗ ತಿಳಿದವರು ಹೇಳುತ್ತಾರೆ. ಹಾಗಂತ ರೀಸ್ ಕೆಲಸ ಸಣ್ಣದಾಗುವುದಿಲ್ಲ. ಅವರ ಬರಹ, ಚಿತ್ರ, ಭಾಷಣಗಳ ಒತ್ತಡದಿಂದ ಆ ಕೇರಿಯ ಅತಿ ಕೆಟ್ಟ ಭಾಗವನ್ನು ಕೆಡವಿದರು. 1897ರಲ್ಲಿ ಅಲ್ಲಿ ಪಾರ್ಕ್ ಆಯಿತು.

ಈಗ ನನಗೆ ತುಂಬಾ ಇಷ್ಟವಾದ ಕೆಲಸದ ಬಗ್ಗೆ. ಪಿಟ್ಸ್‌ಬರ್ಗ್ ನಗರದ ಚಾರ್ಲ್ಸ್ ಹ್ಯಾರಿಸ್, ಎಲ್ಲರ ಬಾಯಲ್ಲಿ ಟೀನಿ ಹ್ಯಾರಿಸ್. ಪಿಟ್ಸ್‌ಬರ್ಗ್ ಕೂರಿಯರ್ ಎಂಬ ಕಪ್ಪು ಜನರ ಪತ್ರಿಕೆಗೆ 1930ರ ದಶಕದಿಂದ 1970ರ ದಶಕದವರೆಗೆ ಫೋಟೊ ತೆಗೆದರು. ಮದುವೆ, ಬೇಸ್‌ಬಾಲ್, ಕ್ಷೌರದಂಗಡಿ, ಜಾಜ್ ಕ್ಲಬ್ಬು, ಮೆರವಣಿಗೆ, ಪ್ರತಿಭಟನೆ, ಬೀದಿಯಲ್ಲಿ ಹೊಸ ಕಾರಿಗೆ ಒರಗಿ ನಿಂತವರು. ಫ್ಲ್ಯಾಶ್ ಬಲ್ಬಿಗೆ ದುಡ್ಡು ಜಾಸ್ತಿ, ಆದ್ದರಿಂದ ಒಂದೇ ಸಲ ಕ್ಲಿಕ್ ಮಾಡಿ ಮುಗಿಸುತ್ತಿದ್ದರು. ಆ ಊರಿನ ನಗರಸಭೆಯ ಮೇಯರ್ ಹ್ಯಾರಿಸ್ ಅವರಿಗೆ ‘ಒನ್ ಶಾಟ್’ ಅಂತಲೇ ಹೆಸರಿಟ್ಟರು. ಅವರು ಬಿಟ್ಟುಹೋದದ್ದು ಸುಮಾರು 80 ಸಾವಿರ ನೆಗೆಟಿವ್.

ಅವರು ಚಿತ್ರಿಸಿದ ಕೇರಿಯ ಹೆಸರು ಹಿಲ್ ಡಿಸ್ಟ್ರಿಕ್ಟ್. 1950ರ ದಶಕದಲ್ಲಿ ‘ನಗರ ನವೀಕರಣ’ದ ಹೆಸರಿನಲ್ಲಿ ಅದರ ಕೆಳಭಾಗವನ್ನು ಪೂರ್ತಿ ಕೆಡವಿದರು. ಸುಮಾರು 8 ಸಾವಿರ ಜನ ಮನೆ ಬಿಡಬೇಕಾಯಿತು. ಆ ಜಾಗದಲ್ಲಿ 1961ರಲ್ಲಿ ದೊಡ್ಡ ಒಳಾಂಗಣ ಕ್ರೀಡಾಂಗಣ ಎದ್ದಿತು. ಈಗ ಅದೂ ಇಲ್ಲ. ಬೀದಿಯೇ ಇಲ್ಲದ ಮೇಲೆ ಆ ಬೀದಿ ಹೇಗಿತ್ತು ಅಂತ ತಿಳಿಯಲು ಇರುವುದು ಈ ಚಿತ್ರಗಳು. ಕಾರ್ನೆಗಿ ಕಲಾ ಸಂಗ್ರಹಾಲಯ 2001ರಲ್ಲಿ ಈ ಸಂಗ್ರಹವನ್ನು ಕೊಂಡಿತು. ಎಷ್ಟೋ ನೆಗೆಟಿವ್‌ಗಳ ಜೊತೆ ಏನೂ ಬರೆದಿರಲಿಲ್ಲ. ಆಗ ಅಲ್ಲಿನವರು ಒಂದು ಒಳ್ಳೆಯ ಕೆಲಸ ಮಾಡಿದರು. ಆ ಕೇರಿಯಲ್ಲಿ ಬೆಳೆದ ಹಿರಿಯರನ್ನು ಕರೆದು ಚಿತ್ರಗಳನ್ನು ತೋರಿಸಿದರು. ಇದು ಯಾವ ಬೀದಿ, ಇವರು ಯಾರು, ಆ ಅಂಗಡಿ ಯಾರದು ಅಂತ ಕೇಳಿ ಬರೆದುಕೊಂಡರು. ಹೀಗೆ ಸಾಲು ಸಾಲಾಗಿ ಅಡಿಬರಹ ಕಟ್ಟಿದರು. ವಯಸ್ಸಾದವರು ಒಬ್ಬೊಬ್ಬರೇ ಹೋಗುತ್ತಿರುವಾಗ ಅದು ಸಮಯದ ಜೊತೆಗಿನ ಓಟ. ಒಂದು ಸಾಲಿನ ಅಡಿಬರಹಕ್ಕೆ ಅಷ್ಟು ಜನ ಅಷ್ಟು ದುಡಿದಿದ್ದಾರೆ. ಇಂಥ ಚಿತ್ರ ನಿಮ್ಮ ಪುಟದಲ್ಲಿ ಬಂದಾಗ ಆ ಸಾಲೂ ಜೊತೆಗೆ ಬರಬೇಕು ಅಂತ ಕೇಳುವುದು ಜಾಸ್ತಿ ಆಯಿತೇ?

ನಮ್ಮ ಕಣ್ಣಿಗೆ ಬೀಳುವ ಹಳೆಯ ಚಿತ್ರಗಳು ಹೇಗೆ ಉಳಿದವು ಅನ್ನುವುದನ್ನೂ ಓದುಗರಿಗೆ ಹೇಳಬೇಕು. 1930ರ ದಶಕದ ಸರ್ಕಾರಿ ಫೋಟೊ ಯೋಜನೆಯ ಮುಖ್ಯಸ್ಥ ರಾಯ್ ಸ್ಟ್ರೈಕರ್ ತಮಗೆ ಬೇಡವಾದ ನೆಗೆಟಿವ್‌ಗಳಲ್ಲಿ ತೂತು ಹೊಡೆಸುತ್ತಿದ್ದರು. ಆ ಕಪ್ಪು ತೂತಿನ ಚಿತ್ರಗಳು ಈಗಲೂ ಸಂಗ್ರಹದಲ್ಲಿವೆ. ನ್ಯೂಯಾರ್ಕಿನಲ್ಲಿ 1936ರಲ್ಲಿ ಶುರುವಾದ ಫೋಟೊ ಲೀಗ್ ಎಂಬ ಸಂಘದವರು ಕಪ್ಪು ಜನ ಹೆಚ್ಚಾಗಿದ್ದ ಹಾರ್ಲೆಮ್‌ನ ಬೀದಿಗಳನ್ನು, ಕೂಲಿಕಾರರ ಕೇರಿಗಳನ್ನು ತೆಗೆಯುತ್ತಿದ್ದರು. ಲೂಯಿಸ್ ಹೈನ್ ತೀರಿಕೊಂಡ ಮೇಲೆ ಅವರ ಚಿತ್ರಗಳನ್ನು ಕಾಪಾಡಿದ್ದೂ ಇವರೇ. 1947ರಲ್ಲಿ ಸರ್ಕಾರ ಆ ಸಂಘವನ್ನು ದೇಶದ್ರೋಹದ ಅನುಮಾನದ ಪಟ್ಟಿಗೆ ಸೇರಿಸಿತು. 1951ರಲ್ಲಿ ಅದು ಮುಚ್ಚಿಹೋಯಿತು. ಬಡವರ ಬೀದಿಯನ್ನು ಕ್ಯಾಮೆರಾದಲ್ಲಿ ನೋಡುವುದೇ ಅನುಮಾನಕ್ಕೆ ಕಾರಣವಾಗಿದ್ದ ಕಾಲ ಅದು. ‘ಸುವರ್ಣಕಾಲ’ ಅಂತ ಬರೆಯುವ ಮೊದಲು ಇದು ನೆನಪಿರಲಿ.

ಒಂದು ಹೊಸ ಅಪಾಯವೂ ಇದೆ. ಈಗ ಕೃತಕ ಬುದ್ಧಿಮತ್ತೆಯಿಂದ ಮಾಡಿದ ‘1950ರ ನ್ಯೂಯಾರ್ಕ್’ ಚಿತ್ರಗಳು ಎಲ್ಲೆಲ್ಲೂ ಹರಿದಾಡುತ್ತಿವೆ. ಮಸುಕು, ಧೂಳು, ಗೀರು ಎಲ್ಲ ನಕಲಿ. ಎಲ್ಲೂ ಇರದಿದ್ದ ಜನ, ಎಲ್ಲೂ ಇರದಿದ್ದ ಬೀದಿ. ‘ಕೃಪೆ: ಅಂತರ್ಜಾಲ’ ಅನ್ನುವ ಪದ್ಧತಿ ಇರುವ ತನಕ ಇದು ಪತ್ರಿಕೆಗೆ ನುಗ್ಗಿಯೇ ನುಗ್ಗುತ್ತದೆ. ಯಾವ ಸಂಗ್ರಹದ್ದು, ಯಾರು ತೆಗೆದದ್ದು ಅಂತ ಹಾಕುವ ಪದ್ಧತಿ ಇದ್ದರೆ ಬಾಗಿಲಲ್ಲೇ ನಿಲ್ಲುತ್ತದೆ.

ಮಾಹಿತಿ ಸಿಗುವುದು ಕಷ್ಟ ಅಂತ ನೀವು ಹೇಳಲಾರಿರಿ. ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ 1930, 40ರ ದಶಕದ ಸರ್ಕಾರಿ ಯೋಜನೆಯ ಸುಮಾರು 1,75,000 ಕಪ್ಪು-ಬಿಳುಪು ನೆಗೆಟಿವ್‌ಗಳ ಸಂಗ್ರಹ ಇದೆ. ಹೆಚ್ಚಿನವಕ್ಕೆ ಊರು, ತಿಂಗಳು, ಫೋಟೊಗ್ರಾಫರ್ ಹೆಸರು ಇದೆ. ಸರ್ಕಾರಿ ನೌಕರರು ಕೆಲಸದ ಭಾಗವಾಗಿ ತೆಗೆದದ್ದಕ್ಕೆ ಅಲ್ಲಿ ಕಾಪಿರೈಟ್ ಇಲ್ಲ, ಬಿಡಿಗಾಸು ಕೊಡದೆ ಅಚ್ಚು ಹಾಕಬಹುದು. ನ್ಯೂಯಾರ್ಕ್ ನಗರಸಭೆ ತೆರಿಗೆ ಲೆಕ್ಕಕ್ಕಾಗಿ 1939ರಿಂದ 1941ರ ನಡುವೆ ನಗರದ ಒಂದೊಂದು ಕಟ್ಟಡದ ಫೋಟೊವನ್ನೂ ತೆಗೆಸಿತು. 7 ಲಕ್ಷಕ್ಕೂ ಹೆಚ್ಚು ಚಿತ್ರ, ಕಟ್ಟಡದ ಮುಂದೆ ನಂಬರಿನ ಫಲಕ. 2018ರಿಂದ ಎಲ್ಲವೂ ಆನ್‌ಲೈನ್‌ನಲ್ಲಿವೆ. 1970ರ ದಶಕ ಬೇಕೆಂದರೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಡಾಕ್ಯುಮೆರಿಕ ಹೆಸರಿನಲ್ಲಿ ತೆಗೆಸಿದ ಬಣ್ಣದ ಚಿತ್ರಗಳಿವೆ. ಅದರಲ್ಲಿ ಜಾನ್ ಎಚ್. ವೈಟ್ ಅವರ ಷಿಕಾಗೊ ದಕ್ಷಿಣ ಭಾಗದ ಚಿತ್ರಗಳನ್ನು ನೋಡಿ. ಬೇಸಿಗೆಯ ಬೀದಿ, ಕಪ್ಪು ಜನರ ಅಂಗಡಿ, ಆಟ, ಚರ್ಚು. ಒಂದೊಂದಕ್ಕೂ ಉದ್ದದ ವಿವರ ಇದೆ. ಅದೇ ವೈಟ್ 1982ರಲ್ಲಿ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಪಡೆದರು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ವಾರಕ್ಕೆ ಎಂಟು ಚಿತ್ರ ತುಂಬಬೇಡಿ. ಎರಡು ಸಾಕು, ಒಂದಾದರೂ ಸಾಕು. ದೊಡ್ಡದಾಗಿ ಹಾಕಿ, ಅಂಚು ಕತ್ತರಿಸಬೇಡಿ, ಚೌಕ ಚಿತ್ರವನ್ನು ಪುಟದ ಅಳತೆಗೆ ಎಳೆಯಬೇಡಿ. ಕೆಳಗೆ ಹೆಸರು, ಊರು, ಇಸವಿ, ಸಂಗ್ರಹ. ಗೊತ್ತಿಲ್ಲದಿದ್ದರೆ ‘ತೆಗೆದವರು ಗೊತ್ತಿಲ್ಲ’ ಅಂತಲೇ ಹಾಕಿ, ಅದೂ ಒಂದು ಮಾಹಿತಿ. ಕಾಪಿರೈಟ್ ಇರುವ ಚಿತ್ರಕ್ಕೆ ಅನುಮತಿ ಕೇಳಿ. ಫ್ರಾಂಕ್, ಲೈಟರ್, ಲೆವಿಟ್, ಮೇಯರ್, ಪಾರ್ಕ್ಸ್ ಚಿತ್ರಗಳಿಗೆ ಈಗಲೂ ಹಕ್ಕುದಾರರಿದ್ದಾರೆ. ಅನುಮತಿ ಸಿಗದಿದ್ದರೆ ಆ ಚಿತ್ರದ ಬಗ್ಗೆ ಬರೆಯಿರಿ, ಹಕ್ಕಿನ ತೊಡಕಿಲ್ಲದ ಬೇರೆ ಚಿತ್ರ ಹಾಕಿ. ಇನ್ನು ನಿಮ್ಮಲ್ಲಿ ಕನ್ನಡದಲ್ಲಿ ಚೆನ್ನಾಗಿ ಬರೆಯುವವರಿಗೆ ಏನೂ ಕೊರತೆ ಇಲ್ಲ, ಪ್ರತಿ ಚಿತ್ರಕ್ಕೆ ಅವರಲ್ಲಿ ಒಬ್ಬರಿಂದ ನೂರು ಪದ ಬರೆಸಿ.

ಶುರು ಮಾಡಲು ಲೂಯಿಸ್ ಹೈನ್ ಅವರ ಪೇಪರ್ ಮಾರುವ ಹುಡುಗರೇ ಸರಿ ಅಂತ ನನ್ನ ಅನಿಸಿಕೆ. ಹಕ್ಕಿನ ತೊಂದರೆ ಇಲ್ಲ, ಚಿತ್ರಗಳು ಸಿಗುತ್ತವೆ, ಅಡಿಬರಹವನ್ನು ಅವರೇ ಬರೆದಿಟ್ಟಿದ್ದಾರೆ. ನೀವು ಅದನ್ನು ಕನ್ನಡಕ್ಕೆ ತಂದರೆ ಆಯಿತು.

ಇಂತಿ,
ನಿಮ್ಮ ಪುರವಣಿಯ ಓದುಗ